ಬೇವಿನ ಮರದ ಪರವಾಗಿ ಕೊಟ್ಟ ಮಾತು

ಇನ್ನೊಬ್ಬರ ಪರವಾಗಿ ಮಾತು ಕೊಡಬಾರದು ಎಂದು ನಮ್ಮಪ್ಪ ಬದುಕಿರುವವರೆಗೂ ಹೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಒಮ್ಮೆ ನೆಂಟರ ಮನೆಯ ಮದುವೆಗೆ ತಮಗೆ ಗೊತ್ತಿದ್ದ ಅಡುಗೆ ಭಟ್ಟರೊಬ್ಬರನ್ನು ಗೊತ್ತುಮಾಡಿ, "ನಾನಿದ್ದೀನಲ್ಲ, ಅವರು ಬಂದೇ ಬರ್ತಾರೆ" ಎಂದು ಎದೆ ತಟ್ಟಿಕೊಂಡಿದ್ದರು. ಮುಹೂರ್ತದ ದಿನ ಭಟ್ಟರು ಇನ್ನೊಂದು ಮದುವೆಗೆ ಹೋಗಿಬಿಟ್ಟರು. ನಮ್ಮಪ್ಪ ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ತಾವೇ ಹುಳಿಗೆ ಸೌಟು ಹಾಕಿದರು. ಆ ಹುಳಿಯನ್ನು ನೆಂಟರು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ. "ಅಣ್ಣ ತಮ್ಮ ಅಂತ ನೋಡಬೇಡ, ಸ್ನೇಹಿತ ಅಂತ ನೋಡಬೇಡ, ಯಾರ ಪರವಾಗಿಯೂ ಮಾತು ಕೊಡಬೇಡ" ಎಂಬುದು ಅಂದಿನಿಂದ ಅವರು ನನಗೆ ಮಾಡುತ್ತಿದ್ದ ಉಪದೇಶ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದೆ. ತೊಂದರೆ ಏನಾಯಿತೆಂದರೆ, ಅವರ ಪಟ್ಟಿಯಲ್ಲಿ ಅಣ್ಣನಿದ್ದ, ತಮ್ಮನಿದ್ದ, ಸ್ನೇಹಿತನಿದ್ದ, ಮರ ಇರಲಿಲ್ಲ. ನಾನು ಒಂದು ಬೇವಿನ ಮರದ ಪರವಾಗಿ, ಇಡೀ ಅಪಾರ್ಟ್‌ಮೆಂಟಿನ ಎದುರು, ಮೈಕಿನಲ್ಲಿ ಮಾತು ಕೊಟ್ಟುಬಿಟ್ಟೆ.

ಅದರಲ್ಲೂ ನನ್ನಂಥವನು ಕೊಡಬಾರದಿತ್ತು. ನಾನು ಬೊಮ್ಮಸಂದ್ರದ ಒಂದು ಪಂಪು ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗದಲ್ಲಿದ್ದೇನೆ. ಯಾವ ಪಂಪು ಯಾವ ದಿನ ತಯಾರಾಗಿ ಲಾರಿ ಹತ್ತುತ್ತದೆ ಎಂದು ಗಿರಾಕಿಗಳಿಗೆ ತಾರೀಖು ಕೊಡುವುದೇ ನನ್ನ ಹೊಟ್ಟೆಪಾಡು. ಕೊಡುವುದಷ್ಟೇ ನನ್ನ ಕೆಲಸ. ಆ ತಾರೀಖಿಗೆ ಪಂಪು ಹೋಗುವುದು ಬೇರೆ ವಿಭಾಗದವರ ತಲೆನೋವು. ಇಪ್ಪತ್ತು ವರ್ಷ ಇದನ್ನೇ ಮಾಡಿ ನನ್ನ ಬಾಯಿಗೆ ಒಂದು ಚಟ ಹತ್ತಿದೆ. ಯಾರಾದರೂ "ಯಾವಾಗ?" ಎಂದು ಕೇಳಿದರೆ ಸಾಕು, ಯೋಚನೆ ಮಾಡುವ ಮೊದಲೇ ಬಾಯಿಂದ ಒಂದು ತಾರೀಖು ಉದುರುತ್ತದೆ. ನನ್ನ ಹೆಂಡತಿ ಸುಮಾ ಇದನ್ನು ಮದುವೆಯಾದ ಆರು ತಿಂಗಳಲ್ಲೇ ಅರ್ಥಮಾಡಿಕೊಂಡಳು. ನಾನು ಸಂಜೆ ಏಳಕ್ಕೆ ಬರುತ್ತೇನೆ ಎಂದರೆ ಅವಳು ಎಂಟೂವರೆಗೆ ಕುಕ್ಕರ್ ಇಡುತ್ತಾಳೆ. ಒಂಬತ್ತಕ್ಕೆ ನಾನು ಬಾಗಿಲು ತಟ್ಟುವುದಕ್ಕೂ ಅನ್ನ ಬೇಯುವುದಕ್ಕೂ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ನಿಜವಾದ ಪ್ಲಾನಿಂಗ್ ವಿಭಾಗ ಯಾವುದೆಂದು ನೀವೇ ಹೇಳಿ.

ಇನ್ನು ಮರದ ವಿಷಯ. ಚಂದಾಪುರದ ಆಚೆ, ಸರ್ಜಾಪುರದ ಕಡೆಗಿರುವ ನಮ್ಮ ಅಪಾರ್ಟ್‌ಮೆಂಟು ಎದ್ದಿರುವುದು ಒಂದು ರಾಗಿ ಹೊಲದ ಮೇಲೆ. ಬಿಲ್ಡರು ರಾಗಿಯನ್ನೂ ಬದುವನ್ನೂ ಅಳಿಸಿ, ಬದುವಿನ ಮೇಲಿದ್ದ ಒಂದು ಬೇವಿನ ಮರವನ್ನು ಮಾತ್ರ ಯಾಕೋ ಉಳಿಸಿದ. ಬಹುಶಃ ಜಾಹೀರಾತಿನ ಫೋಟೊಗೆ ಸ್ವಲ್ಪ ಹಸಿರು ಬೇಕಿತ್ತು. ಅದು ಬಿ ಬ್ಲಾಕಿನ ಗೋಡೆಗೆ ಒರಗಿದಂತೆ, ಕಾಂಪೌಂಡಿನ ಮೂಲೆಯಲ್ಲಿ ನಿಂತಿದೆ. ಆ ಹೊಲ ಮುನಿತಾಯಮ್ಮನ ಗಂಡನ ಮನೆಯವರದು. ಹಾಗೆಂದ ಕೂಡಲೇ ನೀವು ಅಯ್ಯೋ ಪಾಪ ಎಂದುಕೊಳ್ಳಬೇಡಿ. ಮುನಿತಾಯಮ್ಮನ ಮನೆಯವರು ಹಳ್ಳಿಯೊಳಗೆ ಮೂರು ಮಹಡಿ ಕಟ್ಟಿಸಿ, ರಾಯಚೂರು ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದವರಿಗೆ ರೂಮು ಬಾಡಿಗೆಗೆ ಕೊಟ್ಟಿದ್ದಾರೆ. ನಾವೆಲ್ಲ ಇನ್ನೂ ಬ್ಯಾಂಕಿನವರ ಮನೆಯಲ್ಲಿದ್ದೇವೆ, ಆಕೆ ಸ್ವಂತ ಮನೆಯಲ್ಲಿದ್ದಾಳೆ. ಆದರೂ ದಿನಾ ಬೆಳಿಗ್ಗೆ ಬಂದು ನಮ್ಮ ಗಿಡಗಳಿಗೆ ನೀರು ಬಿಡುವ ಕೆಲಸ ಮಾಡುತ್ತಾಳೆ. ಯಾಕಮ್ಮಾ ಎಂದು ಕೇಳಿದರೆ, "ಮನೇಲಿ ಕುಂತ್ರೆ ಮಂಡಿ ಇಡ್ಕತದೆ ಸಾ" ಎನ್ನುತ್ತಾಳೆ.

ಅಸಲು ಕಾರಣ ಮಂಡಿಯಲ್ಲ, ಮರ. ಅದನ್ನು ನೆಟ್ಟವಳು ಅವಳ ಅತ್ತೆ. ಅತ್ತೆ ತೀರಿಕೊಂಡ ಮೇಲೆ ಮುನಿತಾಯಮ್ಮ ಮರವನ್ನೇ ಅತ್ತೆ ಎಂದು ಕರೆಯತೊಡಗಿದಳಂತೆ. "ನಮ್ಮತ್ತೆಗೆ ನೀರ್ ಬುಟ್ಟೆ", "ನಮ್ಮತ್ತೆ ಬುಡದಾಗ್ ಯಾರೋ ಚಿಪ್ಸ್ ಕವರ್ ಎಸ್ದವ್ರೆ ನೋಡಿ" ಎಂದೇ ಮಾತಾಡುತ್ತಾಳೆ. ಮರಕ್ಕೂ ಅತ್ತೆಗೂ ಅದೇನು ಸಾಮ್ಯ ಎಂದು ಒಮ್ಮೆ ಕೇಳಿದ್ದೆ. "ಎಲ್ಡೂ ಕಹಿ ಸಾ, ಎಲ್ಡೂ ಜಾಗ ಬುಟ್ ಕದ್ಲಾಕಿಲ್ಲ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆದ್ರೆ ಒಂದ್ ಏಳ್ತೀನಿ. ಎಷ್ಟ್ ಜನ ಉಂಡ್ರೂ ನಮ್ಮತ್ತೆ ಒಂದ್ ಮುದ್ದೆ ಎತ್ತಿಟ್ಟೇ ಬಡ್ಸೋಳು. ಕಡೇಗ್ ಬಂದೋರು ಅಸ್ಕಂಡ್ ಓಗ್ಬಾರ್ದು ಅಂತ" ಎಂದಳು.

ಮೂರು ವರ್ಷದ ಹಿಂದೆ ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಈ ಅತ್ತೆಗೆ ಕುತ್ತು ಬಂತು. ಸಂಘದ ಕಾರ್ಯದರ್ಶಿ ಗಿರೀಶ್ ಕೆಟ್ಟವನಲ್ಲ. ಸಾಫ್ಟ್‌ವೇರಿನವನು, ಎಲ್ಲವನ್ನೂ ಬರೆದಿಟ್ಟುಕೊಂಡು ಮಾಡುವವನು. ಪಾಪ, ಆಸೆಪಟ್ಟು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದ. ಅದಕ್ಕೆ ಚಾರ್ಜ್ ಹಾಕಲು ಕೆಳಗೆ ಒಂದು ಪ್ಲಗ್ ಕೂಡ ಇರಲಿಲ್ಲ. ಹಾಗಾಗಿ ಬಿ ಬ್ಲಾಕಿನ ಎರಡನೇ ಮಹಡಿಯ ತನ್ನ ಬಾಲ್ಕನಿಯಿಂದ ಉದ್ದನೆಯ ವೈರನ್ನು ಇಳಿಬಿಟ್ಟು, ಅದು ಗಾಳಿಗೆ ತೂಗಾಡದಂತೆ ಇದೇ ಬೇವಿನ ಕೊಂಬೆಗೆ ಕಟ್ಟಿ, ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಳ್ಳುತ್ತಿದ್ದ. ಮರ ಇರುವ ಜಾಗದಲ್ಲಿ ಎಲ್ಲರ ಗಾಡಿಗೂ ಚಾರ್ಜಿಂಗ್ ವ್ಯವಸ್ಥೆ ಮಾಡೋಣ, ಮರ ಕಡಿಯಲು ಅನುಮತಿ ತರುವ ಹೊಣೆ ನನ್ನದು ಎಂದು ಅವತ್ತು ಪರದೆಯ ಮೇಲೆ ಚಿತ್ರ ತೋರಿಸಿದ. ಪೆಟ್ರೋಲ್ ಕಡಿಮೆಯಾದರೆ ಭೂಮಿ ತಂಪಾಗುತ್ತದೆ ಎಂದೂ ಹೇಳಿದ. ಭೂಮಿ ತಂಪಾಗಲು ಮರ ಕಡಿಯಬೇಕು ಎಂಬುದು ನಮಗ್ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಬೋಂಡ ಬಿಸಿಯಾಗಿತ್ತು.

ನಾನೂ ಸಭೆಗೆ ಹೋಗಿದ್ದು ಬೋಂಡಕ್ಕೇ. ಆದರೆ ಬಾಗಿಲ ಹೊರಗೆ ನೀರಿನ ಪೈಪು ಹಿಡಿದು ನಿಂತಿದ್ದ ಮುನಿತಾಯಮ್ಮನ ಮುಖ ಕಂಡುಬಿಟ್ಟಿತು. ಫ್ಲ್ಯಾಟು ಇಲ್ಲದವರಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ. ತನ್ನ ಹೊಲದಲ್ಲೇ ನಿಂತು, ತನ್ನ ಅತ್ತೆಯ ತೀರ್ಪನ್ನು ಬಾಗಿಲಾಚೆಯಿಂದ ಕೇಳುತ್ತಿದ್ದಳು. ಅರ್ಧ ತಿಂದ ಬೋಂಡವನ್ನು ತಟ್ಟೆಯಲ್ಲಿಟ್ಟೆ. ಎದ್ದು ಮೈಕು ತಗೊಂಡೆ. "ಯುಗಾದಿಗೆ ಬೇವು ಬೆಲ್ಲ ತಿನ್ನದ ಮನೆ ಯಾವುದಿದೆ ಇಲ್ಲಿ? ಆ ದಿನ ಮಾರ್ಕೆಟ್ಟಿನಲ್ಲಿ ಬಾಡಿದ ಹೂವಿಗೆ ಮುಗಿಬೀಳ್ತೀವಿ. ಈ ಮರ ಪ್ರತಿ ಯುಗಾದಿಯ ದಿನ, ನಮ್ಮ ಅಷ್ಟೂ ಮನೆಗೆ ತಾಜಾ ಹೂವು ಕೊಡುತ್ತೆ. ನಾನು ಮಾತು ಕೊಡ್ತೀನಿ!" ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಜನ ಚಪ್ಪಾಳೆ ತಟ್ಟಿದ್ದು ತಲೆಗೇರಿ, "ಕೊಡದಿದ್ದ ವರ್ಷ ಕಡೀರಿ, ನಾನೇ ಹಗ್ಗ ಹಿಡೀತೀನಿ" ಎಂದೂ ಸೇರಿಸಿಬಿಟ್ಟೆ. ಗಿರೀಶ್ ಸಭೆಯ ನಡಾವಳಿ ಪುಸ್ತಕದಲ್ಲಿ ಅದನ್ನು ಅಕ್ಷರ ಬಿಡದೆ ಬರೆದು ನನ್ನ ಸಹಿ ಹಾಕಿಸಿಕೊಂಡ.

ಮೊದಲ ಯುಗಾದಿಗೆ ಮರ ನನ್ನ ಮಾನ ಕಾಪಾಡಿತು. ಮೈತುಂಬ ಬಿಳಿ ಹೂವು. ಮುನಿತಾಯಮ್ಮ ದೋಟಿ ಹಿಡಿದು ಕಿತ್ತು ಕೊಟ್ಟಳು, ನಾನು ಮನೆಮನೆಗೆ ಹಂಚಿದೆ. ಅಂದಿನಿಂದ ನನ್ನ ಹೆಸರು ಪ್ಲಾನಿಂಗ್ ಮೂರ್ತಿ ಹೋಗಿ ಬೇವಿನ ಮೂರ್ತಿ ಎಂದಾಯಿತು. ಎರಡನೇ ವರ್ಷ ಹೂವು ಸ್ವಲ್ಪ ಉದುರಿತ್ತು, ಗೊಂಚಲಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಹೇಗೋ ಸಾಕಾಯಿತು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಲಿಫ್ಟಿನಲ್ಲಿ ಯಾರಾದರೂ "ನಮಸ್ಕಾರ ಬೇವಿನ ಮೂರ್ತಿಗಳೇ" ಎಂದರೆ ಆಗುವ ಖುಷಿಯಲ್ಲಿ ಗೊಂಚಲು ಎಣಿಸುತ್ತಾ ಯಾರು ಕೂರುತ್ತಾರೆ?

ಈ ವರ್ಷ ಫೆಬ್ರವರಿಯಲ್ಲಿ ಮಗಳು ಅದಿತಿಯ ಹುಟ್ಟುಹಬ್ಬ. ಪ್ರತಿ ವರ್ಷದಂತೆ ಬೇವಿನ ಮರದ ಕೆಳಗೆ ಮೇಜು ಹಾಕಿ ಕೇಕ್ ಕತ್ತರಿಸಿದೆವು. ಗಾಳಿ ಬೀಸಿತು. ಕೇಕಿನ ಮೇಲೆ ಬಿಳಿಯದೇನೋ ಸಣ್ಣಗೆ ಉದುರಿತು. ಮಕ್ಕಳೆಲ್ಲ ಹೋ ಎಂದು ಕುಣಿದರು. ಒಬ್ಬಳು ಅದನ್ನು ತೆಂಗಿನತುರಿ ಎಂದುಕೊಂಡು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಥೂ ಎಂದು ಉಗಿದಳು. ನಾನು ತಲೆ ಎತ್ತಿ ನೋಡಿದೆ. ಮರ ತುಂಬ ಹೂವು! ಎಲ್ಲರೂ "ಎಷ್ಟು ಚೆನ್ನಾಗಿದೆ" ಎಂದು ಫೋಟೊ ತೆಗೆಯುತ್ತಿದ್ದರೆ ನಾನು ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಿದ್ದೆ. ಯುಗಾದಿಗೆ ಇನ್ನೂ ಐದು ವಾರವಿತ್ತು. "ಮಗಳ ಹುಟ್ಟುಹಬ್ಬದ ದಿನ ಹೀಗೆ ಸತ್ತೋರ ಮನೇಲಿ ಕೂತ ಹಾಗೆ ಕೂತಿದ್ದೀರಲ್ಲ, ಏನಾಯ್ತ್ರೀ?" ಎಂದು ಸುಮಾ ತಿವಿದಳು.

ಮನೆಗೆ ಬಂದು ಹಳೆಯ ಹುಟ್ಟುಹಬ್ಬದ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ನಾವು ಈ ಮನೆಗೆ ಬಂದ ವರ್ಷದ ಫೋಟೊದಲ್ಲಿ ಮರ ಬೋಳಾಗಿತ್ತು, ಹಳದಿ ಎಲೆಗಳು ಕೇಕಿನ ಡಬ್ಬಿಯ ಮೇಲೆ ಬಿದ್ದಿದ್ದವು. ಮುಂದಿನದರಲ್ಲಿ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಅದರ ಮುಂದಿನದರಲ್ಲಿ ಮೈತುಂಬ ಎಲೆ. ಕಳೆದ ವರ್ಷ ಮೊಗ್ಗು. ಈ ವರ್ಷ ಹೂವು. ಒಂದೇ ಮೇಜು, ಒಂದೇ ಮೂಲೆ, ಅದೇ ತಾರೀಖು. ಮುಂದೆ ನಿಂತ ಮಗಳು ವರ್ಷಕ್ಕೊಂದು ಹಲ್ಲು ಕಳೆದುಕೊಂಡು ಒಂದೊಂದು ಗೇಣು ಬೆಳೆಯುತ್ತಿದ್ದಾಳೆ, ಹಿಂದೆ ನಿಂತ ಮರ ಯಾರೋ ಅಟ್ಟಿಸಿಕೊಂಡು ಬಂದಂತೆ ಮುಂದಕ್ಕೆ ಓಡುತ್ತಿದೆ. ಇಷ್ಟು ವರ್ಷ ಈ ಫೋಟೊಗಳಲ್ಲಿ ನಾನು ನೋಡಿದ್ದು ನನ್ನ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದನ್ನು ಮಾತ್ರ.

ಮೊದಲು ನಾನು ತಪ್ಪನ್ನು ಪಂಚಾಂಗದ ಮೇಲೆ ಹಾಕಿ ನೋಡಿದೆ. ಯುಗಾದಿಯೂ ಒಂದು ಕಡೆ ನಿಲ್ಲುವ ಹಬ್ಬವಲ್ಲವಲ್ಲ, ವರ್ಷವರ್ಷ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಆದರೆ ಪಂಚಾಂಗದವರು ಜಾಣರು. ತೀರಾ ಹಿಂದೆ ಸರಿಯಿತು ಎಂದಾಗ ಒಂದು ಅಧಿಕ ಮಾಸ ಹಾಕಿ ಮತ್ತೆ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಮರಕ್ಕೆ ಯಾರು ಅಧಿಕ ಮಾಸ ಹಾಕಬೇಕು? ಮರುದಿನ ಬೆಳಿಗ್ಗೆ ಮುನಿತಾಯಮ್ಮನನ್ನು ಹಿಡಿದು, "ಏನಮ್ಮಾ ಇದು, ನಿಮ್ಮತ್ತೆಗೆ ಇಷ್ಟು ಅವಸರ?" ಎಂದು ಕೇಳಿದೆ. ಅವಳು ಪೈಪನ್ನು ಪಾತಿಗೆ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಮರಕ್ಕೇನ್ ಗೊತ್ತು ಸಾ ನಿಮ್ ತಾರೀಕು? ಚಳಿ ಬತ್ತದೆ ಅಂತ ಕಾಯ್ತು, ಬರ್ನಿಲ್ಲ. ಬಿಸ್ಲು ಬಂತು. ಸರಿ ಅಂತ ಊವು ಬುಡ್ತು. ಈ ಸಂಕ್ರಾಂತೀಲಿ ರಗ್ಗು ತಗ್ದೋರ್ ಯಾರ್ ಏಳಿ? ನೀವೂ ಫ್ಯಾನ್ ಆಕ್ಕಂಡೇ ಮಲ್ಗಿದ್ರಲ್ವಾ?"

ಹೌದು, ಮಲಗಿದ್ದೆ. ಮೂರನೇ ನಂಬರಿನಲ್ಲಿ.

"ಇಬ್ಬನಿ ಬೀಳ್ದೆ ಅವ್ರೆಕಾಯ್ಗೆ ಸೊಗ್ಡೇ ಇರ್ನಿಲ್ಲ. ಕೋಗ್ಲೆ ನೋಡಿದ್ರೆ ಸಂಕ್ರಾಂತಿ ಮುಂಚೇನೇ ಬಾಯ್ ಬಡ್ಕತಿತ್ತು. ಎಲ್ರೂ ಎದ್ಬುಟ್ಟವ್ರೆ, ನೀವೊಬ್ರು ಮಲ್ಗಿದ್ದೀರ."

"ಹಂಗಾದ್ರೆ ಹಬ್ಬಕ್ಕೆ ಏನಿರುತ್ತೆ?"

"ಅಬ್ಬಕ್ಕೆ ಕಾಯಿ ಇರ್ತದೆ" ಎಂದಳು. ನಡಾವಳಿ ಪುಸ್ತಕದ ಮಾತು ಅವಳಿಗೂ ನೆನಪಿತ್ತು. ಪೈಪನ್ನು ಎತ್ತಿ ಮರದ ಬುಡಕ್ಕೆ ತಿರುಗಿಸಿದಳು. "ಕಡುದ್ರೆ ಕಡೀಲಿ ಬುಡಿ ಸಾ. ಅತ್ತೇನೆ ಓದ್ಮ್ಯಾಕೆ ನಾನ್ ಯಾಕೆ ಇಲ್ಗ್ ಬರ್ಲಿ" ಎಂದಳು. ಆ ಮಾತು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಮರವನ್ನು ಉಳಿಸಲು ಹೋಗಿ ಅದರ ಕುತ್ತಿಗೆಗೆ ತಾರೀಖು ಕಟ್ಟಿದವನು ನಾನೇ. ಅವತ್ತೇ ಗಿರೀಶ್ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯುಗಾದಿಯ ಕಾರ್ಯಕ್ರಮ ಹಾಕಿದ್ದ. ಒಂಬತ್ತಕ್ಕೆ ಪೂಜೆ, ಒಂಬತ್ತೂವರೆಗೆ ಬೇವು ಬೆಲ್ಲ, ಹತ್ತಕ್ಕೆ ಮರದ ಪರಿಶೀಲನೆ.

ಆಗ ನನ್ನ ಕಾರ್ಖಾನೆಯ ಬುದ್ಧಿ ಓಡಿತು. ಮಾಲು ಮುಂಚೆಯೇ ತಯಾರಾದರೆ ಏನು ಮಾಡುತ್ತೇವೆ? ಗೋಡೌನಿನಲ್ಲಿಟ್ಟು ತಾರೀಖು ಬಂದಾಗ ಕಳಿಸುತ್ತೇವೆ. ಅಷ್ಟೇ ತಾನೆ! ಒಂದು ಭಾನುವಾರ ಏಣಿ ಹಾಕಿ ಕೈಗೆ ಸಿಕ್ಕಷ್ಟು ಹೂವು ಕಿತ್ತು, ಸುಮಾಳ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಡಬ್ಬಿ ಸಾಲದೆ ತರಕಾರಿ ಟ್ರೇಗೂ ಸುರಿದೆ. ಮೂರೇ ದಿನದಲ್ಲಿ ಮೊಸರಿಗೆ ಬೇವಿನ ವಾಸನೆ ಬಂತು. ಆಮೇಲೆ ದೋಸೆ ಹಿಟ್ಟಿಗೆ. ಆಮೇಲೆ ಬೆಣ್ಣೆಗೆ. ಅದಿತಿ ಬಚ್ಚಿಟ್ಟಿದ್ದ ಚಾಕೊಲೇಟ್ ಕಚ್ಚಿ ಗೋಳೋ ಎಂದು ಅತ್ತಳು. ನಮ್ಮ ಮನೆಗೆ ಯುಗಾದಿ ಒಂದು ತಿಂಗಳು ಮುಂಚೆಯೇ ಬಂದಿತ್ತು, ಬೆಲ್ಲ ಮಾತ್ರ ಬಂದಿರಲಿಲ್ಲ. "ರೀ, ಈ ಮನೇಲಿ ಒಂದೋ ನಿಮ್ಮ ಹೂವಿರಬೇಕು, ಇಲ್ಲ ನಾನಿರಬೇಕು" ಎಂದು ಸುಮಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಇನ್ನು ಮೂರೇ ವಾರ, ಪಕ್ಕಾ" ಎಂದೆ. "ನಿಮ್ಮ ಪಕ್ಕಾ ನನಗೆ ಗೊತ್ತಿಲ್ವಾ" ಎಂದು ಅವಳು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಹೂವು ಹೋಗಿ ಕಪ್ಪು ಗೊಜ್ಜಿನಂಥದೇನೋ ಆಗಿತ್ತು.

ಮುನಿತಾಯಮ್ಮನಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಊವ್ನ ಯಾರಾನ ಪಿಡ್ಜಲ್ ಇಡ್ತಾರಾ ಸಾ? ನೆಳ್ಳಾಗೆ ಒಣ್ಗಾಕ್ಬೇಕು!" ಅದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, "ನೀವ್ ಎಲ್ ಕೇಳಿದ್ರಿ? ಓದಿರೋರು, ಗೊತ್ತಿರ್ತದೆ ಅನ್ಕಂಡೆ" ಎಂದಳು. ಅಷ್ಟು ಹೊತ್ತಿಗೆ ಮರ ಬಹುಪಾಲು ಹೂವು ಉದುರಿಸಿತ್ತು. ಅವಳ ಹಳೆಯ ಸೀರೆಯನ್ನು ಮರದ ಕೆಳಗೆ ಹಾಸಿ, ಕೊಂಬೆ ಅಲುಗಿಸಿ, ಉಳಿದದ್ದನ್ನು ಕೂಡಿಹಾಕಿದೆವು. ನಾನು ಅದನ್ನು ಹಾಲ್‌ನಲ್ಲಿದ್ದ ದಿವಾನದ ಮೇಲೆ ಪೇಪರ್ ಹಾಸಿ ಹರಡಿ ಕೆಲಸಕ್ಕೆ ಹೋದೆ. ಸ್ಕೂಲಿನಿಂದ ಸೆಕೆಯಲ್ಲಿ ಬಂದ ಅದಿತಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಎಲ್ಲಿ ನೋಡಿದರೂ ಬೇವಿನ ಹೂವು, ದಿಂಬಿನ ಚೀಲದಲ್ಲಿ, ಚಪ್ಪಲಿಯಲ್ಲಿ, ದೇವರ ಫೋಟೊದ ಹಿಂದೆ. ಕಾರ್ಖಾನೆಯ ಮೀಟಿಂಗಿನಲ್ಲಿ ಪೆನ್ನು ತೆಗೆಯಲು ಜೇಬಿಗೆ ಕೈಹಾಕಿದರೆ ಮೇಜಿನ ಮೇಲೆ ಹೂವು ಉದುರಿತು. ನಮ್ಮ ಮ್ಯಾನೇಜರು ಅದನ್ನೇ ನೋಡಿ, "ಏನ್ ಮೂರ್ತಿ, ಈಗ ದೇವರ ಹತ್ರ ಹೂ ಪ್ರಸಾದ ಕೇಳಿ ಡೇಟ್ ಕೊಡ್ತಾ ಇದ್ದೀರಾ? ಒಳ್ಳೇದೇ ಬಿಡಿ, ಹಾಗಾದ್ರೂ ಕರೆಕ್ಟಾಗಬಹುದು" ಎಂದರು.

ಗುಡಿಸಿ, ಜರಡಿ ಹಿಡಿದು, ಕೊನೆಗೂ ಒಂದು ಉಪ್ಪಿನಕಾಯಿ ಬಾಟಲಿಯಷ್ಟು ಒಣ ಹೂವು ಉಳಿಯಿತು. ಮಾರ್ಚ್ ತಿಂಗಳ ನಡುವೆ ಸಿ ಬ್ಲಾಕಿನ ನೀರಿನ ಟ್ಯಾಂಕಿಗೆ ಹೆಜ್ಜೇನು ಬಂತು. ಪ್ರತಿ ವರ್ಷ ಅದೇ ಹೊತ್ತಿಗೆ ಬರುವುದು ಅದರ ವಾಡಿಕೆ. ಬೇವಿನ ಮರದ ಸುತ್ತ ಎರಡು ದಿನ ಗುಂಯ್ ಎಂದು ಸುತ್ತಿ, ಕಾಯಿ ಕಚ್ಚಿದ ಗೊಂಚಲುಗಳನ್ನು ಮೂಸಿ ಮೂಸಿ ವಾಪಸು ಹೋಗುತ್ತಿದ್ದವು. ನಾನು ಬಾಲ್ಕನಿಯಲ್ಲಿ ಕಾಫಿ ಹಿಡಿದು ಅವುಗಳನ್ನು ನೋಡುತ್ತಿದ್ದೆ. ಹಳೆಯ ತಾರೀಖು ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲವಲ್ಲ ಎಂದು ಸ್ವಲ್ಪ ಸಮಾಧಾನವಾಯಿತು. ಆದರೆ ನನಗೆ ಹೂವಿಲ್ಲದಿದ್ದರೂ ಕಾಫಿ ಇತ್ತು, ಅವಕ್ಕೆ ಏನಿತ್ತು ಎಂದು ಹೊಳೆದಾಗ ಆ ಸಮಾಧಾನವೂ ಹೋಯಿತು.

ಯುಗಾದಿ ಬಂತು. ನನ್ನ ಉಪಾಯ ಸರಳವಾಗಿತ್ತು. ಹೂವನ್ನು ಯಾರಿಗೂ ತೋರಿಸದೆ ಮೊದಲೇ ಬೆಲ್ಲ, ಹುರಿಗಡಲೆಯ ಜೊತೆ ಕಲಸಿ ಬಟ್ಟಲಲ್ಲಿಟ್ಟರೆ ತಾಜಾ ಯಾವುದು ಒಣಗಿದ್ದು ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಕ್ಲಬ್‌ಹೌಸಿನಲ್ಲಿ ಹೊಸ ಬಟ್ಟೆ ಹಾಕಿಕೊಂಡು ಎಲ್ಲರೂ ಸೇರಿದ್ದರು. ನಾನು ಚಮಚದಲ್ಲಿ ಹಂಚುತ್ತಿದ್ದೆ. ಗಿರೀಶ್ ಕೈಯೊಡ್ಡಿದ, ಬಾಯಿಗೆ ಹಾಕಿಕೊಂಡ, ಎರಡು ಸಲ ಅಗಿದ. "ಸಾರ್, ಇದು ಒಣಗಿರೋ ಹಾಗಿದೆಯಲ್ಲ, ಯಾವಾಗ ಕಿತ್ತಿದ್ದು?" ಎಂದ. ನೋಡಿ, "ಯಾವಾಗ" ಎಂದ. ನನ್ನ ಬಾಯಿ ತಾನಾಗಿ "ಇವತ್ತು ಬೆಳಿಗ್ಗೆ" ಎನ್ನಲು ತೆರೆಯಿತು. ಆದರೆ ಯುಗಾದಿಯ ದಿನ ಏನು ಮಾಡುತ್ತೇವೋ ಅದನ್ನೇ ವರ್ಷವಿಡೀ ಮಾಡುತ್ತೇವೆ ಎಂದು ನಮ್ಮಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಸುಳ್ಳು ವರ್ಷವಿಡೀ ಕಾರ್ಖಾನೆಯಲ್ಲಿ ಹೇಗೂ ಇದ್ದೇ ಇದೆ, ಮನೆಯಲ್ಲೂ ಬೇಡ ಎನಿಸಿತು. "ಮೂರು ವಾರ ಆಯ್ತು ಗಿರೀಶ್" ಎಂದುಬಿಟ್ಟೆ.

ಎಲ್ಲರೂ ಮರದ ಬುಡಕ್ಕೆ ನಡೆದರು. ಮುನಿತಾಯಮ್ಮ ಜರಿ ಅಂಚಿನ ಸೀರೆಯುಟ್ಟು, ಮರದ ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ ನಿಂತಿದ್ದಳು. ಮರ ಹಸಿರು ಕಾಯಿ ಹೊತ್ತು ತಣ್ಣಗೆ ನಿಂತಿತ್ತು. ಗಿರೀಶ್ ನಡಾವಳಿ ಪುಸ್ತಕ ಬಿಡಿಸಿ ನನ್ನ ಮಾತನ್ನು ನನಗೇ ಓದಿ ಹೇಳಿದ. ಗೆದ್ದ ಗರ್ವವೇನೂ ಅವನ ದನಿಯಲ್ಲಿರಲಿಲ್ಲ, ಮುಜುಗರವೇ ಇತ್ತು. "ಏನ್ ಮಾಡೋಣ ಸಾರ್, ನೀವೇ ಹೇಳಿದ್ದು" ಎಂದ. ಮುನಿತಾಯಮ್ಮ ನನ್ನ ಕಡೆ ನೋಡಲೂ ಇಲ್ಲ, ಊದುಬತ್ತಿಯ ಬೂದಿ ಬೀಳುವುದನ್ನೇ ನೋಡುತ್ತಿದ್ದಳು. ನಮ್ಮಪ್ಪ ಮದುವೆಮನೆಯಲ್ಲಿ ಹುಳಿಗೆ ಸೌಟು ಹಾಕುತ್ತಾ ನಿಂತಾಗ ಅವರಿಗೆ ಹೇಗಾಗಿರಬೇಕು ಎಂದು ನನಗೆ ಅವತ್ತು ಗೊತ್ತಾಯಿತು.

"ಏನೋ ಅದು ಗಿರೀಶಾ, ಹಬ್ಬದ ದಿನ ಗುಂಪು?" ಎಂದು ಮೇಲಿನಿಂದ ಕೂಗು ಬಂತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಗಿರೀಶನ ತಾಯಿ ಶಾರದಮ್ಮ. ಮಂಡಿನೋವಿನಿಂದ ಕೆಳಗೆ ಇಳಿಯುವವರಲ್ಲ, ಆದರೆ ದನಿಗೆ ಲಿಫ್ಟು ಬೇಕಾಗಿಲ್ಲ.

"ಏನಿಲ್ಲಮ್ಮಾ. ಮರ ಈ ಸಲ ಹಬ್ಬಕ್ಕೆ ಹೂವು ಬಿಟ್ಟಿಲ್ಲ. ಅದೇ ಕಡಿಸೋ ವಿಷಯ."

"ಹೂವು ಬಿಟ್ಟಿಲ್ವಾ? ಬೆಳಿಗ್ಗೆ ಬೆಲ್ಲ ಇನ್ನೂ ಹಾಕು ಬೆಲ್ಲ ಇನ್ನೂ ಹಾಕು ಅಂತ ರಂಪ ಮಾಡ್ಕೊಂಡು ತಿಂದ್ಯಲ್ಲೋ, ಅದನ್ನೇನು ನಾನು ಆಕಾಶದಿಂದ ಉದುರಿಸಿದ್ನಾ?"

ಶಾರದಮ್ಮ ತಂತಿಯ ಮೇಲೆ ಒಣಹಾಕಿದ್ದ ಟವೆಲು ಸರಿಸಿದರು. ಅದರ ಹಿಂದೆ ಬಾಲ್ಕನಿಯ ಕಂಬಿಗೆ ಆತುಕೊಂಡು ಒಂದು ಕೊಂಬೆ ಇತ್ತು. ಗಿರೀಶ್ ಸ್ಕೂಟರಿನ ವೈರು ಕಟ್ಟಿದ್ದ ಅದೇ ಕೊಂಬೆ. ಬಿ ಬ್ಲಾಕಿನ ಉತ್ತರದ ಗೋಡೆಯ ನೆರಳಲ್ಲಿ ಬಿಸಿಲು ಕಾಣದೆ, ಟವೆಲುಗಳ ಮರೆಯಲ್ಲಿ ತಣ್ಣಗೆ ಬೆಳೆದದ್ದು. ಇಡೀ ಮರ ಬಿಸಿಲಿಗೆ ಮೋಸಹೋಗಿ ಅವಸರ ಮಾಡಿದ್ದರೂ ಆ ಕೊಂಬೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಶಾರದಮ್ಮ ವೈರು ಹಿಡಿದು ಜಗ್ಗಿದರು. ಗೊಂಚಲು ಗೊಂಚಲು ಬಿಳಿ ಹೂವು ಅಲುಗಾಡಿ, ಒಂದಿಷ್ಟು ಕೆಳಗೆ ನಿಂತಿದ್ದ ಗಿರೀಶನ ತಲೆಯ ಮೇಲೂ ತೆರೆದ ನಡಾವಳಿ ಪುಸ್ತಕದ ಮೇಲೂ ಉದುರಿತು. ಮೊದಲು ನಕ್ಕವನು ಗಿರೀಶನೇ.

ಮುನಿತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು, ತಲೆ ಎತ್ತಿ, ಆ ಕೊಂಬೆಯನ್ನು ನೋಡುತ್ತಾ ನಿಂತಳು. "ನೋಡಿದ್ರಾ ಸಾ" ಎಂದಳು, "ಒಂದ್ ಮುದ್ದೆ ಎತ್ತಿಟ್ಟವ್ಳೆ." ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಬೇವು ಜಾಸ್ತಿ ತಿಂದೆ ಎಂದು ಸುಮಾಳ ಹತ್ತಿರ ಸುಳ್ಳು ಹೇಳಿದೆ. ಯುಗಾದಿಯ ದಿನದ ಸತ್ಯವ್ರತ ಅಲ್ಲಿಗೆ ಮುಗಿಯಿತು.

ಅಷ್ಟಾದ ಮೇಲೂ ಗಿರೀಶ್ ಒಂದು ನ್ಯಾಯವಾದ ಪ್ರಶ್ನೆ ಕೇಳಿದ. "ಈ ವರ್ಷ ಬಚಾವಾಯ್ತು. ಮುಂದಿನ ವರ್ಷ ಈ ಕೊಂಬೆಯೂ ಬೇಗ ಬಿಟ್ಟರೆ? ಮುಂದಿನ ವರ್ಷ ಯಾವಾಗ ಬಿಡುತ್ತೆ ಸಾರ್?" ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ತೆರೆಯಿತು. ಸುಮಾ ನನ್ನ ಹೆಬ್ಬೆರಳಿನ ಮೇಲೆ ಹಿಮ್ಮಡಿಯಿಟ್ಟು ಒತ್ತಿದಳು. ಅಷ್ಟರಲ್ಲಿ ಶಾರದಮ್ಮ ಮೇಲಿನಿಂದಲೇ, "ನೀರು ಹಾಕೋಳು ಅವಳು, ಅವಳನ್ನ ಕೇಳೋದು ಬಿಟ್ಟು ಅವನನ್ನೇನ್ ಕೇಳ್ತೀಯೋ" ಎಂದು ಗದರಿದರು. ಹಾಗೆ ನಮ್ಮ ಸಂಘದ ಇತಿಹಾಸದಲ್ಲಿ ಮೊದಲ ಸಲ ಮುನಿತಾಯಮ್ಮನಿಗೆ ಮಾತಾಡುವ ಸರದಿ ಬಂತು. "ಅದ್ಕೇನ್ ಇಷ್ಟ್ ಮಾತುಕತೆ? ಅದು ಯಾವತ್ ಬುಡ್ತದೋ ಅವತ್ ಕಿತ್ಕಳಿ. ನೆಳ್ಳಾಗ್ ಒಣಗಾಕಿ. ಅಬ್ಬ ಬಂದಾಗ ತಿನ್ನಿ. ಮರಾನೆ ಓಡ್ತಾ ಐತೆ, ನೀವ್ ವಸಿ ಎದ್ದು ಇಂದೆ ಓಡ್ರಪ್ಪ" ಎಂದಳು. ಗಿರೀಶ್ ಪುಸ್ತಕದಲ್ಲಿ "ಯುಗಾದಿಯ ದಿನ" ಎಂಬುದನ್ನು ಹೊಡೆದುಹಾಕಿ "ಹೂವು ಬಿಟ್ಟಾಗ" ಎಂದು ಬರೆದ. ಒಣಗಿಸುವ ಹೊಣೆ ಮೂರ್ತಿಯವರದು, ಫ್ಯಾನ್ ಹಾಕತಕ್ಕದ್ದಲ್ಲ ಎಂದೂ ಸೇರಿಸಿದ. ಚಾರ್ಜಿಂಗ್ ಪ್ಲಗ್ಗುಗಳು ಈಗ ನೆಲಮಾಳಿಗೆಯಲ್ಲಿ, ಹಳೆ ಸೋಫಾ ಬಿಸಾಡಿದ್ದ ಜಾಗಕ್ಕೆ ಬಂದಿವೆ. ಗಿರೀಶ್ ಮಾತ್ರ ಇನ್ನೂ ವೈರು ಇಳಿಬಿಡುತ್ತಾನೆ. ವೈರು ಬಿಚ್ಚಿದರೆ ಕೊಂಬೆ ಬಾಲ್ಕನಿಯಿಂದ ಆಚೆ ಬಿಸಿಲಿಗೆ ಸರಿಯುತ್ತದೆ ಎಂದು ಅವನಮ್ಮ ಬಿಚ್ಚಲು ಬಿಡುವುದಿಲ್ಲವಂತೆ.

ಬಾಟಲಿಯಲ್ಲಿ ಉಳಿದ ಒಣ ಹೂವು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿದೆ. ಅದನ್ನು ತುಪ್ಪದಲ್ಲಿ ಹುರಿದು ಸಾರಿಗೆ ಹಾಕಿದರೆ ಪಿತ್ತಕ್ಕೆ ಒಳ್ಳೆಯದೆಂದು ಶಾರದಮ್ಮ ಸುಮಾಳಿಗೆ ಹೇಳಿಕೊಟ್ಟಿದ್ದಾರೆ. ಸುಮಾ ಅದಕ್ಕೆ ಪಿತ್ತಕ್ಕಿಂತ ಒಳ್ಳೆಯ ಉಪಯೋಗ ಕಂಡುಕೊಂಡಿದ್ದಾಳೆ. ನಾನು ಏಳಕ್ಕೆ ಬರುತ್ತೇನೆಂದು ಹೇಳಿ ಒಂಬತ್ತಕ್ಕೆ ಬಂದ ದಿನ ನನ್ನ ತಟ್ಟೆಯ ಸಾರಿಗೆ ಮಾತ್ರ ಒಂದು ಚಿಟಿಕೆ ಹಾಕುತ್ತಾಳೆ. ವಾರಕ್ಕೆ ನಾಲ್ಕು ದಿನ ಕಹಿ ತಿಂದು ತಿಂದು ಬುದ್ಧಿ ಬಂದು, ಮೊನ್ನೆ ಏಳಕ್ಕೆ ಬರುತ್ತೇನೆಂದು ಹೇಳಿದವನು ಎಲ್ಲವನ್ನೂ ಬಿಟ್ಟು ಆರಕ್ಕೇ ಓಡಿಬಂದೆ. ಮನೆಯಲ್ಲಿ ಅನ್ನವಿಲ್ಲ, ಸಾರಿಲ್ಲ, ಸುಮಾ ತಲೆಗೆ ಎಣ್ಣೆ ಹಚ್ಚಿಕೊಂಡು ಆರಾಮಾಗಿ ಕೂತಿದ್ದಳು. ಎದ್ದು ಬೈದುಕೊಂಡೇ ಅಡುಗೆ ಮಾಡಿ ಬಡಿಸಿದಳು. ಮೊದಲ ತುತ್ತಿಗೇ ಗೊತ್ತಾಯಿತು, ಅದೇ ಕಹಿ.

"ಇವತ್ತು ಯಾಕೆ? ಮುಂಚೇನೇ ಬಂದಿದ್ದೀನಲ್ಲ!" ಎಂದೆ.

"ಹೇಳಿದ ಹೊತ್ತು ಬಿಟ್ಟು ಬಂದ್ರೆ ಮುಂಚೆ ಆದರೇನು, ತಡ ಆದರೇನು? ಬೇಕಾದ್ರೆ ಟ್ಯಾಂಕಿನ ಆ ಜೇನುಹುಳಗಳನ್ನ ಕೇಳ್ಕೊಂಡು ಬನ್ನಿ" ಎಂದು ಇನ್ನೊಂದು ಸೌಟು ಬಡಿಸಿದಳು.